ಹೆಸರು ಹಿಡಿದು

ನಮ್ಮ ಅಜ್ಜಿಯ ಬಾಯಲ್ಲಿ ಅಜ್ಜನ ಹೆಸರು ಬಂದದ್ದನ್ನು ಕೇಳಿದವರು ಊರಲ್ಲೇ ಇರಲಿಲ್ಲ. ಅಜ್ಜನದು ತಿರುಪತಿ ದೇವರ ಹೆಸರಾದ್ದರಿಂದ ಆ ದೇವರನ್ನೂ ಆಕೆ ಹೆಸರು ಹಿಡಿದು ಕರೆಯುವಂತಿರಲಿಲ್ಲ. ‘ಏಳು ಬೆಟ್ಟದ ಸ್ವಾಮಿ’ ಎಂದು ಸುತ್ತುಹಾದಿಯಲ್ಲಿ ಹೋಗಿಯೇ ಕೈಮುಗಿಯುತ್ತಿದ್ದಳು. ಶನಿವಾರ ಸಂಜೆ ಮನೆಮಂದಿಯೆಲ್ಲ ನಾಮಸ್ಮರಣೆಗೆ ಕೂತಾಗ ಆ ಒಂದು ನಾಮಧೇಯ ಹತ್ತಿರ ಬರುತ್ತಿದ್ದಂತೆ ಅಜ್ಜಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಎದ್ದು ಒಳಗೆ ಹೋಗುತ್ತಿದ್ದಳು.

ಈ ಅಜ್ಜಿ ನನಗೆ ಮತ್ತೆ ಸಿಕ್ಕಿದ್ದು ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ, ಡರ್ಬನ್ನಿಂದ ಉತ್ತರಕ್ಕೆ ಕಾರಿನಲ್ಲಿ ಹೋಗುತ್ತಿದ್ದಾಗ, ಎಂದರೆ ನೀವು ನಂಬಬೇಕು. ಕಾರು ಓಡಿಸುತ್ತಿದ್ದವರು ಅರವತ್ತು ದಾಟಿದ ಜುಲು ಹಿರಿಯರು. ಅಲ್ಲಿ ಹಿರಿಯರನ್ನು ‘ಬಾಬಾ’ ಎನ್ನುತ್ತಾರೆ, ಅಪ್ಪ ಎಂದಂತೆ. ನಾನೂ ಹಾಗೇ ಕರೆದೆ. ಮಾತಿಗೆ ಮಾತು ಬೆಳೆದು, ಮದುವೆಯಾಗಿ ಬಂದ ಹೆಣ್ಣುಮಗಳು ಮಾವನ ಹೆಸರು ಹೇಳಬಾರದೆಂಬ ಪದ್ಧತಿ ತಮ್ಮಲ್ಲೂ ಇದೆಯೆಂದರು. ಅದಕ್ಕೆ ‘ಹ್ಲೊನಿಫ’ ಎಂದು ಹೆಸರು. ಮಾವನ ಹೆಸರಷ್ಟೇ ಅಲ್ಲ, ಆ ಹೆಸರಿನ ಸದ್ದು ಬೇರೆ ಮಾತಿನಲ್ಲಿ ಬಂದರೂ ಅದನ್ನು ಬಿಟ್ಟು, ಅದರ ಬದಲಿಗೆ ಇನ್ನೊಂದು ಪದ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಂಡು ಹೆಂಗಸರದೇ ಒಂದು ಪದಭಂಡಾರ ಬೆಳೆದಿದೆಯಂತೆ. ನಮ್ಮ ಅಜ್ಜಿ ಅಲ್ಲಿಗೆ ಹೋಗಿದ್ದರೆ ಮೊದಲ ದಿನವೇ ಅಡುಗೆಮನೆಯಲ್ಲಿ ಸೇರಿಕೊಂಡುಬಿಡುತ್ತಿದ್ದಳು.

ಹೆಸರಿನ ವಿಷಯ ಬಂತಲ್ಲ, ಈ ಕರಾವಳಿಗೆ ಎಷ್ಟು ಜನ ನಾಮಕರಣ ಮಾಡಿದ್ದಾರೆ ನೋಡಿ. 1497ರ ಕ್ರಿಸ್‌ಮಸ್ ಹೊತ್ತಿಗೆ ಹಡಗಿನಲ್ಲಿ ಹಾದುಹೋದ ವಾಸ್ಕೊ ಡ ಗಾಮ, ಕ್ರಿಸ್ತನ ಜನನದ ನೆನಪಿಗೆ ‘ನಟಾಲ್’ ಎಂದ. ಮರುವರ್ಷ ಆತನೇ ಕಲ್ಲಿಕೋಟೆಯ ಹತ್ತಿರ ಬಂದಿಳಿದ. ಡರ್ಬನ್ ಎಂಬುದು ಒಬ್ಬ ಬ್ರಿಟಿಷ್ ಗವರ್ನರನ ಹೆಸರು. ಅಲ್ಲಿಯವರಿಗೆ ಅದು ಎಟೆಕ್ವಿನಿ. ಜುಲು ಎಂದರೆ ಆಕಾಶ, ಆ ಜನ ಆಕಾಶದ ಮಕ್ಕಳು. ಇಷ್ಟು ಚಂದದ ಹೆಸರು ಇರುವವರ ನೆಲಕ್ಕೆ ಹೊರಗಿನವರು ಬೇರೆ ಹೆಸರು ಹುಡುಕುವ ಅಗತ್ಯವೇನಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ರಸ್ತೆಯ ಎರಡೂ ಕಡೆ ಕಬ್ಬು, ಗುಡ್ಡ ಹತ್ತಿ ಗುಡ್ಡ ಇಳಿಯುವ ಕಬ್ಬು. ಈ ಕಬ್ಬಿಗಾಗಿಯೇ 1860ರ ನವೆಂಬರ್ 16ರಂದು ‘ಟ್ರೂರೊ’ ಎಂಬ ಹಡಗು ಮದರಾಸಿನಿಂದ ಮೊದಲ ಕೂಲಿಯಾಳುಗಳನ್ನು ತಂದು ಡರ್ಬನ್ನಿನಲ್ಲಿ ಇಳಿಸಿತು. ಬಂದವರಿಗೆಲ್ಲ ಒಂದೊಂದು ನಂಬರು. ಹಡಗಿನ ಪಟ್ಟಿ ಬರೆದ ಗುಮಾಸ್ತರ ಕಿವಿಗೆ ಹೇಗೆ ಬಿತ್ತೋ ಹಾಗೆ ಹೆಸರು. ಗೌಂಡರ್ ಹೋಗಿ ಗೋವೆಂಡರ್ ಆದದ್ದು ಅಲ್ಲಿಯ ಅಂಗಡಿಗಳ ಬೋರ್ಡುಗಳಲ್ಲಿ ಇಂದಿಗೂ ಕಾಣುತ್ತದೆ. ಅಂಥ ಒಂದು ಬೋರ್ಡಿನ ಕೆಳಗೆ ನಿಂತು, ಬ್ರೆಡ್ಡಿನ ಹೊಟ್ಟೆ ಬಗೆದು ಸಾರು ತುಂಬಿಕೊಡುವ ಬನ್ನಿ ಚೌ ತಿಂದೆ. ಖಾರ ನಮ್ಮದೇ. ಹೆಸರು ಕಳೆದುಕೊಂಡವರು ಮೆಣಸಿನಕಾಯಿಯನ್ನು ಬಿಟ್ಟುಕೊಟ್ಟಿರಲಿಲ್ಲ.

ನಾವು ಹೊರಟದ್ದು ಹ್ಲುಹ್ಲುವೆ-ಇಮ್ಫೊಲೋಜಿ ಕಾಡಿಗೆ. ಬರೆದದ್ದು ಸುಲಭ, ಉಚ್ಚಾರ ಬೇರೆ. ನಾಲಿಗೆಯನ್ನು ‘ಲ’ಕಾರದ ಸ್ಥಾನದಲ್ಲಿಟ್ಟು, ಸ್ವರ ಬಿಡದೆ, ಎರಡು ಪಕ್ಕದಿಂದ ಬರೀ ಗಾಳಿ ಬಿಡಬೇಕು, ಬಿಸಿ ಕಾವಲಿಯ ಮೇಲೆ ನೀರು ಚಿಮುಕಿಸಿದ ಹಾಗೆ. ಬಾಬಾ ಕಾರು ನಿಲ್ಲಿಸಿಯೇ ಕಲಿಸಿದರು. ಹ್ಲುಹ್ಲುವೆ ಒಂದು ಮುಳ್ಳಿನ ಬಳ್ಳಿಯ ಹೆಸರು. ಹಾಲು ಬಿಡಿಸಬೇಕಾದ ಕರುವಿನ ಮೂತಿಗೆ ಅದನ್ನು ಕಟ್ಟುತ್ತಿದ್ದರಂತೆ. ಕೆಚ್ಚಲಿಗೆ ಮುಳ್ಳು ತಾಗಿದರೆ ತಾಯಿಯೇ ಒದ್ದು ದೂರ ಮಾಡುತ್ತದೆ. 1895ರಲ್ಲಿ ಮೀಸಲಾದ ಈ ಕಾಡಿನಲ್ಲೇ, ನೂರಕ್ಕೂ ಕಡಿಮೆಗೆ ಇಳಿದಿದ್ದ ದಕ್ಷಿಣದ ಬಿಳಿ ಘೇಂಡಾಮೃಗಗಳು ಉಳಿದುಕೊಂಡದ್ದು. ಇಂದು ಲೋಕದಲ್ಲಿರುವ ಆ ಜಾತಿಯವೆಲ್ಲ ಅವುಗಳದೇ ಸಂತಾನ. ಒಂದು ತಾಯಿ ಮತ್ತು ಮರಿ ನಮ್ಮೆದುರು ರಸ್ತೆ ದಾಟಲು ಹತ್ತು ನಿಮಿಷ ತೆಗೆದುಕೊಂಡವು. ಇಂಜಿನ್ ಆರಿಸಿ ಕೂತೆವು. ಅವು ಹುಲ್ಲು ಕೀಳುವ ಸದ್ದು ಕೇಳುತ್ತಿತ್ತು, ನಮ್ಮ ಕೊಟ್ಟಿಗೆಯ ರಾತ್ರಿಯ ಸದ್ದು.

ಸೇಂಟ್ ಲೂಸಿಯಾದಲ್ಲಿ ರಾತ್ರಿ ಕಳೆದೆವು. ಅಲ್ಲಿ ಕತ್ತಲಾದ ಮೇಲೆ ನೀರಾನೆಗಳು ಊರ ಬೀದಿಗೇ ಮೇಯಲು ಬರುತ್ತವೆ, ನವೆಂಬರಿನಿಂದಾಚೆ ಆ ಕಡಲ ದಂಡೆಗೆ ದೊಡ್ಡ ಆಮೆಗಳು ಮೊಟ್ಟೆಯಿಡಲು ಹತ್ತುತ್ತವೆ. ಬೆಳಗ್ಗೆ ಬೇಗ ಎದ್ದು ಸಮುದ್ರಕ್ಕೆ ಹೋದೆ. ಹೊನ್ನಾವರದ ಕಡಲು ಸೂರ್ಯನನ್ನು ನುಂಗುವುದನ್ನೇ ನೋಡಿ ಬೆಳೆದವರಿಗೆ, ಕಡಲು ಅವನನ್ನು ಹೆರುವುದನ್ನು ನೋಡುವುದೇ ಒಂದು ಹಬ್ಬ.

ವಾಪಸು ಬರುವಾಗ ದನಗಳ ಮಂದೆಯೊಂದು ರಸ್ತೆಗೆ ಬಂತು. ಗೋವಿನ ಹಾಡಿನ ಗೊಲ್ಲ ಹಸುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವ ಊರಿನಿಂದ ಬಂದವನು ನಾನು. ಆದರೆ ಬಾಬಾ ಕಿಟಕಿ ಇಳಿಸಿ ಹೇಳತೊಡಗಿದ್ದನ್ನು ಎಲ್ಲೂ ಕೇಳಿರಲಿಲ್ಲ. ಜುಲು ಜನ ಮೈಬಣ್ಣದ ಒಂದೊಂದು ಮಾದರಿಗೂ ಒಂದೊಂದು ಹೆಸರಿಟ್ಟಿದ್ದಾರೆ. ಗಾಢ ಬಣ್ಣದ ಕೆಳಗೆ ತಿಳಿ ಬಣ್ಣ ಇಣುಕುವ ಹಸುವಿಗೆ ‘ಹೊಳೆ ದಾಟುವ ಹೆಂಗಸರು’, ಏಕೆಂದರೆ ನೀರಿಗಿಳಿದವರು ಬಟ್ಟೆ ಎತ್ತಿಕಟ್ಟುತ್ತಾರೆ. ಹಿಂದೆ ರಾಜನ ದಂಡುಗಳನ್ನು ಗುರಾಣಿಯ ತೊಗಲಿನ ಬಣ್ಣದಿಂದಲೇ ಗುರುತಿಸುತ್ತಿದ್ದರು. 1890ರ ದಶಕದ ಕೊನೆಗೆ ಬಂದ ದೊಡ್ಡ ದನಬೇನೆ ಮಂದೆಗಳನ್ನೇ ಒರೆಸಿಹಾಕಿತು, ಹೆಸರುಗಳು ಮಾತ್ರ ಹೋಗಲಿಲ್ಲ.

ಅಲ್ಲಿಯ ನಮಸ್ಕಾರ ‘ಸಾವುಬೋನ’. ‘ನಿಮ್ಮನ್ನು ಕಂಡೆವು’ ಎಂದು ಅರ್ಥ. ಕಂಡವರಿಗೆ ಮಾತ್ರ ಹೆಸರಿಡಲು ಬರುತ್ತದೆಯೇನೋ.

ನಮ್ಮಜ್ಜಿಯ ಹತ್ತಿರ ಚುಕ್ಕಿ ಎಂಬ ಹಸುವಿತ್ತು. ಅಜ್ಜಿ ಹಿತ್ತಲಲ್ಲಿ ನಿಂತು ಅದರ ಹೆಸರು ಕೂಗಿದರೆ ಮೂರು ಗದ್ದೆ ಆಚೆ ಕೇಳುತ್ತಿತ್ತು. ಬಾಬಾಗೆ ಹೇಳಿದೆ. ‘ಹೇಗಿತ್ತು?’ ಎಂದು ಕೇಳಿದರು. ಕೆನೆಯ ಬಣ್ಣ, ಮೈತುಂಬ ತುಕ್ಕಿನಂಥ ಸಣ್ಣ ಸಣ್ಣ ಚುಕ್ಕೆ, ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಎದುರಿಗೇ ಕಂಡವರಂತೆ ತಲೆದೂಗಿದರು.

‘ಅಮಕಾಂಡ ಕಹೂಯೆ,’ ಎಂದರು. ನೆಲಗುಬ್ಬಿಯ ಮೊಟ್ಟೆಗಳು.