ನೆರಳಿನ ಬುಟ್ಟಿ

ಇಲಿ ಕಡಿದ ಹಳೇ ಕಾಗದದ ಬುಟ್ಟಿಯನ್ನು ಹರಿದು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಮೂರು ದಿನ ಕಳೆದರೂ ಸರಿಯಾಗಿ ಅರಳಲಿಲ್ಲ. ಒಳಕಲ್ಲಿಗೆ ಹಾಕಿ ರುಬ್ಬಿದರೆ ಬೆಣ್ಣೆಯಾಗುವ ಬದಲು ನೆನೆದ ಅವಲಕ್ಕಿಯ ಹಾಗೆ ಉದುರು ಉದುರು. ಹೊಸ ಬುಟ್ಟಿಗೆಂದು ಕೊಡದ ಬೆನ್ನಿಗೆ ಮೆತ್ತಿದರೆ ಜಾರಿ ಅಂಗಳಕ್ಕೆ.

ಗಿರಣಿಯಲ್ಲಿ ಒಮ್ಮೆ ಒಣಗಿ ಬಂದ ನೋಟುಬುಕ್ಕಿನ ರದ್ದಿ ಅದು, ಬುಟ್ಟಿಯಾಗಿ ಇನ್ನೊಮ್ಮೆ ಒಣಗಿತ್ತು. ಹಸಿ ರೊಜ್ಜಿನಲ್ಲಿ ಒಂದೊಂದು ನಾರೂ ನೀರು ಕುಡಿದು ಉಬ್ಬಿರುತ್ತದೆ. ನೀರು ಹೋಗುತ್ತ ಹೋಗುತ್ತ ಅಕ್ಕಪಕ್ಕದ ಎಳೆಗಳನ್ನು ಎಳೆದು ತಬ್ಬಿಸುತ್ತದೆ. ಹಾಗೆ ತಬ್ಬಿಕೊಂಡವುಗಳಲ್ಲಿ ಕೆಲವು ಮತ್ತೆ ನೀರಿಗೆ ಬಾಗಿಲು ತೆರೆಯುವುದೇ ಇಲ್ಲ. ಜರ್ಮನಿಯ ಕಾಗದ ವಿಜ್ಞಾನಿ ಜೈಮೆ 1944ರಲ್ಲಿ ಇದಕ್ಕಿಟ್ಟ ಹೆಸರಿನ ಅರ್ಥ 'ಕೊಂಬಾಗುವುದು'. ಎತ್ತಿನ ಕೊಂಬು ಸವರಿದವರಿಗೆ ಬೇರೆ ವಿವರಣೆ ಬೇಡ.

ನನ್ನ ಜಗಳ ಬಿಸಿಲಿನವರ ಜೊತೆ. ನಮ್ಮೂರು ಸತ್ತಿಯಲ್ಲಿ ಬಿಸಿಲು ಪುಕ್ಕಟೆ, ಆದ್ದರಿಂದ ಎಲ್ಲದಕ್ಕೂ ಅದೇ ಮದ್ದು. "ಬಿಸಲಾಗ ಇಡ ತಂಗೀ, ಸಂಜೀಕ ಒಣಗತೈತಿ" ಎನ್ನುತ್ತಾರೆ ಪಕ್ಕದ ಮನೆ ಕಾಕು. ಒಣಗುವುದು ಹೊರಮೈ ಮಾತ್ರ! ಅದು ಕುಗ್ಗಿ ಬಿಗಿಯುವಾಗ ಒಳಗಿನ್ನೂ ಹಸಿ. ಆಮೇಲೆ ಒಳಗಿನದು ಕುಗ್ಗಲು ಹೊರಟರೆ ಹೊರಗಿನದು ಬಿಡುವುದಿಲ್ಲ. ಅಂಚು ಸೊಟ್ಟ, ತಳಕ್ಕೆ ಬಿರುಕು. ನಾನು ದನದ ಕೊಟ್ಟಿಗೆಯ ನೆರಳಿನಲ್ಲಿ ಐದಾರು ದಿನ ಇಡುತ್ತೇನೆ, ದಿನಕ್ಕೆರಡು ಸಲ ತಿರುಗಿಸುತ್ತೇನೆ, ಗೆಣ್ಣಿನಿಂದ ಬಡಿದು ನೋಡುತ್ತೇನೆ. 'ದಪ್' ಎಂದರೆ ಹಸಿ, 'ಟಕ್' ಎಂದರೆ ಕೊಡದಿಂದ ಬಿಡಿಸಬಹುದು.

ಇನ್ನು ರೊಜ್ಜಿಗೆ ಬೆರೆಸುವ ಮೆಂತೆ. ರಾತ್ರಿ ನೆನೆಸಿ ಅರೆದ ಮೆಂತೆಯ ಲೋಳೆ ನಾರಿಗೆ ಅಂಟಿಕೊಳ್ಳುವಷ್ಟು ಸೊಗಸಾಗಿ ಯಾವ ಡಬ್ಬಿಯ ಗೋಂದೂ ಅಂಟದು. ತರಬೇತಿ ಶಿಬಿರವೊಂದರಲ್ಲಿ ಒಬ್ಬರು ಮೆಂತೆ ಬಿಟ್ಟು ಫೆವಿಕಾಲ್ ಸುರಿಸಿ, ರದ್ದಿಯನ್ನು ಮಿಕ್ಸರಿನಲ್ಲಿ ಹಾಲಿನಂತೆ ತಿರುವಿಸಿದರು. ನಾರನ್ನೆಲ್ಲ ಕತ್ತರಿಸಿದ ಮೇಲೆ ಹಿಡಿದುಕೊಳ್ಳಲು ಉಳಿದದ್ದೇನು? ಅಮ್ಮ ಇದ್ದಿದ್ದರೆ ಒನಕೆ ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತಿದ್ದಳು. ಪ್ರಮಾಣಪತ್ರ ಬೇರೆ ಕೊಟ್ಟರು. ಅದನ್ನೂ ನೆನೆಹಾಕಿದ್ದೇನೆ, ಒಳ್ಳೇ ಉದ್ದ ನಾರಿನ ಕಾಗದ.

ಅಮೆರಿಕದ ವಿಜ್ಞಾನಿ ಕಿಸ್ಟ್ಲರ್ 1931ರಲ್ಲಿ ಈ ಕುಗ್ಗಿ ತಬ್ಬುವುದಕ್ಕೆ ತದ್ವಿರುದ್ಧದ ಕೆಲಸ ಮಾಡಿದ. ಜೆಲ್ಲಿಯಂಥ ಲೋಳೆ ಕುಗ್ಗದಂತೆ, ಒತ್ತಡದಲ್ಲಿ ಕಾಯಿಸಿ, ದ್ರವವೋ ಅನಿಲವೋ ಎಂಬ ಗೆರೆಯೇ ಅಳಿಸುವ ಹಂತ ದಾಟಿಸಿ ದ್ರವವನ್ನು ಹೊರಗೆ ಬಿಟ್ಟ. ಎಳೆಗಳು ನಿಂತಲ್ಲೇ ನಿಂತವು, ಒಳಗೆಲ್ಲ ಗಾಳಿ. ಮೆಚ್ಚಬೇಕಾದ್ದೇ, ಆದರೆ ಅದರಲ್ಲಿ ಜೋಳ ತುಂಬಲಾಗದು. ನನಗೆ ಬೇಕಾದದ್ದು ಆ ಕುಗ್ಗುವಿಕೆಯೇ. ಬುಟ್ಟಿ ಗಟ್ಟಿಯಾಗುವುದು ನಾನು ಮೆತ್ತುವಾಗಲ್ಲ, ನೀರು ಬಿಟ್ಟುಹೋಗುವಾಗ.

ಬಿಸಿಲಿಗಿಟ್ಟ ಕಾಕುವಿನ ಬುಟ್ಟಿ ಬಿರಿಯಿತು. ನಾನೂ ದೊಡ್ಡತನ ತೋರಿಸಿ, ಬಕೆಟ್ಟಿನ ಹಟಮಾರಿ ರೊಜ್ಜಿಗೆ ಮೆಂತೆ ಕಲಸಿ ತೇಪೆ ಹಾಕಿಕೊಟ್ಟೆ, ನೆರಳಿನಲ್ಲೇ ಇಡಿಸಿದೆ. ನಾಲ್ಕನೇ ದಿನ ತೇಪೆ ತಾನೊಂದೇ ಕುಗ್ಗಿ, ಹಪ್ಪಳದಂತೆ ಎದ್ದು, ಕಾಕುವಿನ ಕಣ್ಣೆದುರೇ ಕೆಳಗೆ ಬಿತ್ತು.

"ನೆರಳಾಗ ಇಟ್ಟಿದ್ದೆ ನೋಡವಾ" ಎಂದರು.