ಹಸಿ ಸೌದೆ, ಒಣ ಸೌದೆ

ಮೈಸೂರಿನಲ್ಲಿ ಒಂದು ಕಾಲಕ್ಕೆ ಬಡಾವಣೆ ಬಡಾವಣೆಗೂ ಸೌದೆ ಡಿಪೋ ಇರುತ್ತಿತ್ತು. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಸರಪಳಿಯಲ್ಲಿ ಇಳಿಬಿಟ್ಟ ದೊಡ್ಡ ತಕ್ಕಡಿ. ಅದರ ಹಿಂದೆ ಸರ್ವೆ, ಹುಣಸೆ, ಜಾಲಿ, ನೀಲಗಿರಿ ಎಂದು ಬೇರೆ ಬೇರೆ ಒಟ್ಟಿದ ರಾಶಿಗಳು. ತೂಕ ಹಾಕಿಸಿ ದುಡ್ಡು ಕೊಟ್ಟು ಬಂದರೆ ಸೌದೆ ಗಾಡಿಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಗಾಡಿಯ ಬೆನ್ನಿಗೇ ಕೊಡಲಿ, ಬೆಣೆ ಹಿಡಿದು ಸೌದೆ ಒಡೆಯುವವನೂ ಬರುತ್ತಿದ್ದ.

ಡಿಪೋಗೆ ಹೋಗುತ್ತಿದ್ದವರು ಅಪ್ಪ. ಆದರೆ ಸೌದೆ ಒಪ್ಪಬೇಕಾದವಳು ಅಮ್ಮ. ಗಾಡಿ ನಿಂತ ಕೂಡಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಬರುತ್ತಿದ್ದಳು. ಮೇಲಿನ ತುಂಡು ಮುಟ್ಟುತ್ತಿರಲಿಲ್ಲ. ಕೈ ತೂರಿಸಿ ಅಡಿಯದನ್ನೇ ಎಳೆಯುತ್ತಿದ್ದಳು. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿದೆಯೇ, ತೊಗಟೆ ಉಗುರು ತಾಗಿಸಿದರೆ ಏಳುತ್ತದೆಯೇ ನೋಡುತ್ತಿದ್ದಳು. ಆಮೇಲೆ ಎರಡು ತುಂಡು ಒಂದಕ್ಕೊಂದು ತಟ್ಟುವಳು. ಒಣಗಿದ್ದರೆ ಟಣ್ ಎಂದು ಗಟ್ಟಿ ಸದ್ದು, ಹಸಿಯಾಗಿದ್ದರೆ ದೊಪ್ಪನೆ ಸತ್ತ ಸದ್ದು.

“ಏನಪ್ಪಾ, ನೀರಿಗೂ ದುಡ್ಡು ಕೊಡಬೇಕೇನು?”

“ಇಲ್ಲ ಅಮ್ಮಾವ್ರೇ, ರಾತ್ರಿ ಮಳೆ ಹುಯ್ತಲ್ಲ, ಮೇಲಷ್ಟೇ ಒದ್ದೆ. ಒಳಗೆ ಚೆನ್ನಾಗಿ ಒಣಗೈತೆ.”

ಅಮ್ಮನ ಮಾತು ಬರೀ ಚೌಕಾಸಿಯಲ್ಲ. ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ತೂಕಕ್ಕೆ ಮಾರುವ ಕಡೆ ಹಸಿ ಸೌದೆ ಕೊಂಡವರು ಎರಡು ಸಲ ಸೋಲುತ್ತಾರೆ: ನೀರಿಗೆ ಒಮ್ಮೆ ದುಡ್ಡು ಕೊಡುತ್ತಾರೆ, ಒಲೆಗಿಟ್ಟ ಮೇಲೆ ಆ ನೀರು ಆವಿಯಾಗಲು ಉರಿಯನ್ನೂ ಕೊಡುತ್ತಾರೆ. ಆಷಾಢದ ಜಡಿಮಳೆಯಲ್ಲಿ ಎಷ್ಟು ನೋಡಿ ಕೊಂಡರೂ ಕೆಲವು ತುಂಡು ಹಾಗೇ ಬರುತ್ತಿದ್ದವು. ಒಲೆಯೊಳಗೆ ಒಂದು ತುದಿ ಉರಿಯುತ್ತಿದ್ದರೆ ಹೊರಗಿನ ತುದಿಯಲ್ಲಿ ಬಿಳಿ ನೊರೆ ಉಕ್ಕಿ, ಸುಂಯ್ ಎಂದು ಕುದಿದು, ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಅಡುಗೆಮನೆ ತುಂಬ ಹೊಗೆ. ಅಮ್ಮ ಊದುಗೊಳವೆಗೆ ಬಾಯಿಟ್ಟು ಊದುವಳು, ಕೆಮ್ಮುವಳು, ಮತ್ತೆ ಊದುವಳು.

ಆ ಪಾಡು ಬೇಡವೆಂದೇ ಅವಳು ಬೇಸಿಗೆಯಲ್ಲಿ ಹಿತ್ತಲಿನಲ್ಲಿ ಸೌದೆ ಅಡ್ಡಡ್ಡ ಉದ್ದುದ್ದ ಪೇರಿಸುತ್ತಿದ್ದಳು, ನಡುವೆ ಗಾಳಿ ಆಡಲಿ ಎಂದು. ಮಳೆಗಾಲದಲ್ಲಿ ನಾಳೆ ಬೇಕಾದ ತುಂಡುಗಳು ಇಂದು ರಾತ್ರಿಯೇ ಬಚ್ಚಲ ನೀರೊಲೆಯ ಪಕ್ಕಕ್ಕೆ ಬರಬೇಕು. ಹಂಡೆಯ ನೀರು ಮುಗಿದರೂ ಒಲೆಯ ಕಾವು ಬೆಳಗಿನ ತನಕ ಇರುತ್ತಿತ್ತಲ್ಲ, ಅದರಲ್ಲಿ ಒಣಗುತ್ತಿದ್ದವು. ಯಾವ ಒಲೆಗೆ ಯಾವುದು ಎಂಬುದಕ್ಕೂ ಅವಳಲ್ಲಿ ಕಟ್ಟುನಿಟ್ಟಿತ್ತು. ಬೇಗ ಹತ್ತಿ ಒಂದೇ ಸಮ ಉರಿಯುವ ಸರ್ವೆ ಅನ್ನಕ್ಕೆ. ಕೆಂಡ ಬಹಳ ಹೊತ್ತು ನಿಲ್ಲುವ ಹುಣಸೆ ಹಾಲು ಕಾಯಿಸಲು, ಸಾರಿನ ಪುಡಿಗೆ ಹುರಿಯಲು. ತೆಂಗಿನ ಮಟ್ಟೆ, ಕರಟವೆಲ್ಲ ನೀರೊಲೆಗೆ. ಇದನ್ನು ಯಾರೂ ಅವಳಿಗೆ ಪಾಠ ಹೇಳಿರಲಿಲ್ಲ. ಅವಳೂ ನಮಗೆ ಹೇಳಲಿಲ್ಲ. “ನೀವೆಲ್ಲ ಓದಿ, ಈ ಒಲೆ ಮುಂದೆ ಯಾಕೆ ಕೂರ್ತೀರಾ” ಎಂದು ಎಬ್ಬಿಸಿ ಕಳಿಸುತ್ತಿದ್ದಳು.

ಇದೆಲ್ಲ ಈಗ ನೆನಪಾಗಲು ಕಾರಣ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿರುವ ತಂಗಿಯ ಮಗಳು. ಚಳಿಗಾಲಕ್ಕೆ ಫೋನಿನಲ್ಲೇ ಸೌದೆ ತರಿಸಿದೆ ಎಂದು ಫೋಟೋ ಕಳಿಸಿದ್ದಳು: ಮನೆ ಮುಂದೆ ಲಾರಿ ಇಳಿಸಿ ಹೋದ ಮರದ ಪೆಟ್ಟಿಗೆ, ಅದರ ತುಂಬ ಒಂದೇ ಅಳತೆಯ ಸೀಳುಗಳು. ಬಿಸಿಗಾಳಿ ಆಡಿಸುವ ಗೂಡಿನಲ್ಲಿ ದಿನಗಟ್ಟಲೆ ಇಟ್ಟು ಒಣಗಿಸಿದ ಸೌದೆಯಂತೆ. ಬಯಲಿನಲ್ಲಿ ಒಟ್ಟಿದರೆ ಓಕ್ ಮರ ಒಣಗಲು ಎರಡು ವರ್ಷ ಕಾಯಬೇಕಾಗುವ ದೇಶ ಅದು. ಅಲ್ಲಿ ಅಳತೆ ತೂಕದಲ್ಲಲ್ಲ, ಘನಮೀಟರಿನಲ್ಲಿ. 2021ರ ಮೇ ತಿಂಗಳಿಂದ ಜಾರಿಗೆ ಬಂದ ನಿಯಮದ ಪ್ರಕಾರ, ಎರಡು ಘನಮೀಟರಿಗಿಂತ ಕಡಿಮೆ ಮಾರುವ ಸೌದೆಯಲ್ಲಿ ತೇವ ಶೇ. 20 ಮೀರುವಂತಿಲ್ಲ, ಹಸಿ ಸೌದೆಯ ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಎದೆಗೆ ಇಳಿಯುತ್ತವೆ ಎಂಬ ಕಾರಣಕ್ಕೆ. ನೀರಿಗೆ ದುಡ್ಡು ಕೊಡುವ ಮಾತೇ ಇಲ್ಲ. ಅಮ್ಮ ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದಳೋ.

ಸೌದೆಯ ಕಾಲ ಚೆನ್ನಾಗಿತ್ತು ಎಂದು ನಾನು ಬಾಯಿ ತೆರೆದು ಹೇಳಲಾರೆ. ಅಮ್ಮ ಒಂದು ದಿನವೂ ಬೀಡಿ ಸೇದಿದವಳಲ್ಲ. ಆದರೂ ಕೊನೆಯ ವರ್ಷಗಳಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಫೋಟೋ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, “ಅಮ್ಮ, ಎಷ್ಟು ವರ್ಷ ಸೌದೆ ಒಲೆಯಲ್ಲಿ ಅಡುಗೆ ಮಾಡಿದ್ರಿ?” ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹುಟ್ಟುಹಾಕಿದ ‘ಅಸ್ತ್ರ’ ಕೇಂದ್ರ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ ಒಲೆಯನ್ನು ರೂಪಿಸಿತು. ಎಷ್ಟೋ ಹಳ್ಳಿಮನೆಗಳಿಗೆ ಅಸ್ತ್ರ ಒಲೆ ಬಂತು. ನಮ್ಮದು ಬಾಡಿಗೆ ಮನೆ. ಸೂರು ಕೊರೆದು ಕೊಳವೆ ಕೂರಿಸಲು ಯಾರು ಒಪ್ಪುತ್ತಾರೆ? ಕೊನೆಗೆ ಗ್ಯಾಸ್ ಬಂದಾಗ ಸಿಲಿಂಡರಿಗೆ ಕುಂಕುಮವಿಟ್ಟು ಕೈ ಮುಗಿದವಳು ಅಮ್ಮನೇ. ಆ ನಮಸ್ಕಾರದಲ್ಲಿ ನನ್ನದೂ ಪಾಲಿದೆ. ಡಿಪೋಗಳು ಒಂದೊಂದಾಗಿ ಮುಚ್ಚಿದಾಗ ಯಾರೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ.

ನನಗೆ ಸಂಕಟವಾಗುವುದು ಬೇರೆಯದಕ್ಕೆ. ಅಮ್ಮ ಎದೆಯನ್ನೇ ತೆತ್ತು ಕಲಿತ ವಿದ್ಯೆ ಅದು. ಒಲೆ ಆರಿದ ದಿನ ಅದಕ್ಕೆ ಬೆಲೆಯಿಲ್ಲದಂತಾಯಿತು. ನಾವು ಮಕ್ಕಳು ಅದನ್ನು ವಿದ್ಯೆ ಎಂದು ಕರೆಯಲೇ ಇಲ್ಲ. ಅವಳು ಮಾಡುವ ಹೋಳಿಗೆಯ ಬಗ್ಗೆ ಕೇಳಿದಷ್ಟು ಸೌದೆಯ ಬಗ್ಗೆ ಕೇಳಲಿಲ್ಲ. ನೋಡಲು ಒಣಗಿದಂತೆಯೇ ಇದ್ದ ಹೊರೆಯನ್ನು ಎಷ್ಟೋ ಸಲ ಅವಳು ಬೇಡವೆಂದು ವಾಪಸು ಕಳಿಸಿದ್ದನ್ನು ಕಂಡಿದ್ದೇನೆ. ಅವಳಿಗೆ ಗೊತ್ತಾದದ್ದು ವಾಸನೆಯಿಂದಲೋ, ಕೈಗೆ ಸಿಕ್ಕ ಭಾರದಿಂದಲೋ?

“ದೊಡ್ಡಮ್ಮ, ಪೆಟ್ಟಿಗೆಯಲ್ಲಿ ಆಶ್ ಇದೆ, ಬರ್ಚ್ ಇದೆ. ಅಜ್ಜಿ ಇದ್ದಿದ್ದರೆ ಯಾವುದನ್ನ ಮೊದಲು ಹಚ್ಚೋರು?” ಎಂದು ಮೊನ್ನೆ ಹುಡುಗಿ ಕೇಳಿದಳು. ಸರ್ವೆ, ಹುಣಸೆಯ ಲೆಕ್ಕ ನನಗೆ ನೆನಪಿರುವಷ್ಟು ಬರೆದು ಕಳಿಸಿದೆ. ಆ ಮರಗಳು ಅವಳ ಊರಿನಲ್ಲಿ ಬೆಳೆಯುವುದಿಲ್ಲ. ಆಶ್ ಮರವನ್ನು ಅಮ್ಮನೂ ಕಂಡವಳಲ್ಲ, ಆದರೆ ಒಂದು ವಾರ ಆ ಒಲೆಯ ಮುಂದೆ ಕೂತಿದ್ದರೆ ಅವಳು ಕಲಿತುಬಿಡುತ್ತಿದ್ದಳು.