ಐದು ನಿಮಿಷದ ಜಗಳಕ್ಕೂ ಒಂದು ಸಭೆಯಿತ್ತು

ಕಳೆದ ಮಳೆಗಾಲದಲ್ಲಿ ನಮ್ಮೂರಿನ ಹಾಲ್ಟ್ ಬಸ್ಸು ನಿಂತುಹೋಯಿತು. ಸಂಜೆ ಪೇಟೆಯಿಂದ ಹೊರಟು, ರಾತ್ರಿ ಅರಳಿಕಟ್ಟೆಯ ಪಕ್ಕ ತಂಗಿ, ಬೆಳಿಗ್ಗೆ ಕಾಲೇಜು ಮಕ್ಕಳನ್ನೂ ಆಸ್ಪತ್ರೆಗೆ ಹೋಗುವವರನ್ನೂ ತುಂಬಿಕೊಂಡು ಹೋಗುತ್ತಿದ್ದ ಬಸ್ಸು ಅದು. ಯಾರೂ ನೋಟೀಸು ಅಂಟಿಸಲಿಲ್ಲ. ಒಂದು ಸೋಮವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಬಿ.ಕಾಂ. ಓದುವ ನನ್ನ ತಮ್ಮನ ಮೊಮ್ಮಗಳು ಕೇಳಿದಳು: "ಅಜ್ಜಯ್ಯ, ಬಸ್ ನಿಲ್ಲಿಸೋಕೆ ಯಾರನ್ನೂ ಕೇಳ್ಬೇಕು ಅಂತಿಲ್ವಾ?"

ಕೇಳಬೇಕು ಮಗಾ, ಕೇಳಲೇಬೇಕು. ಆ ಕೇಳುವ ಜಾಗದಲ್ಲೇ ಅನ್ನ ಹುಟ್ಟಿಸಿಕೊಂಡವನು ನಾನು.

ಎಪ್ಪತ್ತರ ದಶಕದಲ್ಲಿ ಚಿಕ್ಕಮಗಳೂರಿನ ಒಬ್ಬ ವಕೀಲರ ಕಚೇರಿಗೆ ಗುಮಾಸ್ತನಾಗಿ ಸೇರಿದೆ. ಅವರು ಹೊಲ ಗದ್ದೆಯ ವ್ಯಾಜ್ಯ ಮುಟ್ಟುತ್ತಿರಲಿಲ್ಲ. ಬಸ್ ಪರ್ಮಿಟ್ಟಿನ ಕೇಸು ಮಾತ್ರ. ಆರ್‌ಟಿಎ, ಅಂದರೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮೀಟಿಂಗು ಎಂದರೆ ನಮಗೆ ಜಾತ್ರೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಆರ್‌ಟಿಓ ಕಾರ್ಯದರ್ಶಿ. ಹೊಸ ಬಸ್ಸು ಓಡಿಸುವವನು ಅರ್ಜಿ ಹಾಕಬೇಕು, ಅದು ಪ್ರಕಟವಾಗಬೇಕು, ಆಕ್ಷೇಪಣೆ ಬರಬೇಕು, ಆಮೇಲೆ ತೆರೆದ ಸಭೆಯಲ್ಲಿ ವಿಚಾರಣೆ. ಹಳೆ ಮಾಲೀಕರಿಗೆ ಮಾತಾಡುವ ಹಕ್ಕಿತ್ತು. ಸ್ಥಳೀಯ ಸಂಸ್ಥೆಗಳಿಗೂ ಪೊಲೀಸರಿಗೂ ಪ್ರಯಾಣಿಕರ ಸಂಘಗಳಿಗೂ ಇತ್ತು. 1939ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಎಂದರೆ ನಮ್ಮ ಕಚೇರಿಯ ಕಸ ಗುಡಿಸುವ ಹುಡುಗನಿಗೂ ಬಾಯಿಪಾಠ.

ಆ ಕಚೇರಿಯ ಜೀವಾಳ ವಕೀಲರಲ್ಲ, ಹೆಡ್ ಗುಮಾಸ್ತೆ ರಾಯರು. ಟೈಮ್‌ಶೀಟ್ ಬರೆಯುವುದರಲ್ಲಿ ಅವರ ಸಮಕ್ಕೆ ನಿಲ್ಲುವವರನ್ನು ನಾನು ಮತ್ತೆ ಕಾಣಲಿಲ್ಲ. ಬಾಳೆಹೊನ್ನೂರು, ಜಯಪುರ, ಕೊಪ್ಪ, ಶೃಂಗೇರಿ ಕಡೆಯ ಯಾವ ಏರಿನಲ್ಲಿ ತುಂಬಿದ ಗಾಡಿ ಫಸ್ಟ್ ಗೇರಿಗೆ ಬೀಳುತ್ತದೆ, ಯಾವ ತೋಟದ ಗೇಟಿನಲ್ಲಿ ಶನಿವಾರ ಬಟವಾಡೆಯಾದ ಮೇಲೆ ಆಳುಗಳು ಮೂಟೆ ಹೇರುತ್ತಾರೆ, ಆಷಾಢದಲ್ಲಿ ಯಾವ ಮೋರಿಯ ಮೇಲೆ ನೀರು ನಿಲ್ಲುತ್ತದೆ ಎಲ್ಲವೂ ಅವರ ತಲೆಯಲ್ಲಿತ್ತು. ಹೊಸ ರೂಟಿನ ಕೇಸು ಬಂದರೆ ಕೈಯಲ್ಲಿ ಎಚ್‌ಎಂಟಿ ಗಡಿಯಾರ, ಜೇಬಿನಲ್ಲಿ ಮೋಟು ಪೆನ್ಸಿಲ್ ಇಟ್ಟುಕೊಂಡು ತಾವೇ ಆ ರಸ್ತೆಯಲ್ಲಿ ಹೋಗಿಬರುತ್ತಿದ್ದರು. "ರಸ್ತೆ ನೋಡದೆ ಟೈಂ ಬರೆದರೆ ಡ್ರೈವರನ ಪ್ರಾಣ ತೆಗೆದ ಪಾಪ ನಮಗೆ ಬರ್ತದೆ ಕಣಯ್ಯಾ" ಅನ್ನುತ್ತಿದ್ದರು. ಅವರು ಬರೆದ ಟೈಮ್‌ಶೀಟಿನ ಪ್ರಕಾರ ಓಡಿದ ಬಸ್ಸಿಗೆ ಧಾವಂತ ಬೇಕಿರಲಿಲ್ಲ. ಘಾಟಿಯ ತಿರುವಿಗೂ ಒಂದು ನಿಮಿಷ ಬಿಟ್ಟಿರುತ್ತಿದ್ದರು.

ಮೀಟಿಂಗಿನ ಹಿಂದಿನ ರಾತ್ರಿ ಸ್ಟೆನ್ಸಿಲ್ ಕೊರೆದು ಪ್ರತಿ ತೆಗೆಯುವ ಕೆಲಸ ನನ್ನದು. ಆ ಶಾಯಿ ಉಗುರಿನ ಸಂದಿಯಿಂದ ಹೋಗುತ್ತಲೇ ಇರಲಿಲ್ಲ. ಎಣ್ಣೆ, ಸೀಮೆಎಣ್ಣೆ, ಸುಟ್ಟ ರಬ್ಬರು ಸೇರಿದಂಥ ವಾಸನೆ. ಬೆಳಿಗ್ಗೆ ಡಿಸಿ ಕಚೇರಿಯ ಜಗಲಿಗೆ ಹೋದರೆ ಅದರ ಜೊತೆಗೆ ನೆಂದ ಕಂಬಳಿ, ನೆಂದ ಕೊಡೆ, ಬೀಡಿ, ಫ್ಲಾಸ್ಕಿನ ಕಾಫಿ ಎಲ್ಲ ಬೆರೆತುಕೊಳ್ಳುತ್ತಿತ್ತು. ಇಂದಿಗೂ ಎಲ್ಲಾದರೂ ಹಳೆ ಪ್ರೆಸ್ಸಿನ ಮುಂದೆ ಹಾದರೆ ನನಗೆ ಮೊದಲು ನೆನಪಾಗುವುದು ರಾಯರ ಮುಖ.

ಒಂದು ಪಂಚಾಯಿತಿಕೆ ಹೇಳಬೇಕು. ಕೈಮರದ ಹತ್ತಿರ ಎರಡು ರಸ್ತೆ ಕೂಡುವ ಜಾಗ. ಹಳೆ ಮಾಲೀಕರೊಬ್ಬರ ಬಸ್ಸು ಬೆಳಿಗ್ಗೆ 7.15ಕ್ಕೆ ಅಲ್ಲಿಗೆ ಬರುತ್ತಿತ್ತು. ಹೊಸಬನೊಬ್ಬ 7.10 ಕೇಳಿದ. ಐದು ನಿಮಿಷ ಮುಂದೆ ಹೋದವನು ರಸ್ತೆಯ ಅಷ್ಟೂ ಪ್ಯಾಸೆಂಜರನ್ನು ಬಾಚಿಕೊಳ್ಳುತ್ತಾನೆ. ಇಬ್ಬರೂ ವಕೀಲರನ್ನಿಟ್ಟರು, ಹಳಬರು ಬೆಂಗಳೂರಿನಿಂದಲೇ ಕರೆಸಿದರು. ಮಧ್ಯಾಹ್ನದವರೆಗೆ ವಾದ ನಡೆಯಿತು. ಹಿಂದಿನ ಬೆಂಚಿನಲ್ಲಿ ಕೊಡೆ ಹಿಡಿದು ಕೂತಿದ್ದ ಹೈಸ್ಕೂಲಿನ ಹೆಡ್‌ಮಾಸ್ತರರು ಎದ್ದು ನಿಂತರು. "ಸ್ವಾಮಿ, ಬೆಳಗಿನ ಐದು ನಿಮಿಷ ಹೇಗಾದರೂ ಆಗಲಿ. ನಮ್ಮ ಶಾಲೆ ಬಿಡೋದು ಸಂಜೆ 4.45ಕ್ಕೆ. ಇವರ ಬಸ್ಸು ಹೋಗೋದು 4.30ಕ್ಕೆ. ಹೆಣ್ಣುಮಕ್ಕಳು ಕಾಡಿನ ದಾರೀಲಿ ನಡ್ಕೊಂಡು ಹೋಗ್ತಾರೆ." ಸಭೆಗೆ ಸಭೆಯೇ ಸುಮ್ಮನಾಯಿತು. ಅಷ್ಟು ಹೊತ್ತಿನ ವಾದದಲ್ಲಿ ಯಾವ ವಕೀಲರ ಬಾಯಲ್ಲೂ ಸಂಜೆಯ ಮಾತು ಬಂದಿರಲಿಲ್ಲ.

ಊಟದ ಬಿಡುವಿನಲ್ಲಿ ರಾಯರು ಇಬ್ಬರು ಮಾಲೀಕರನ್ನೂ ಜಗಲಿಯ ಕಂಬದ ಹತ್ತಿರ ಕೂರಿಸಿದರು. ಹೊಸಬನಿಗೆ ಹೇಳಿದರು: "ಬೆಳಿಗ್ಗೆ 7.10 ಬಿಡು, 7.35 ತಗೋ. ಸಂಜೆ 5.00 ನಿಂದು. ಮಕ್ಕಳ ಪಾಸಿನಲ್ಲಿ ದುಡ್ಡು ಹುಟ್ಟೋದಿಲ್ಲ, ನಿಜ. ಆದರೆ ಅವರ ಅಪ್ಪ ಅಮ್ಮ ಸಂತೆಗೆ ನಿನ್ನ ಬಸ್ಸಿಗೇ ಕಾಯ್ತಾರೆ." ಹಳಬರಿಗೆ ಹೇಳಿದ್ದು ಬೇರೆ: "ಯಜಮಾನ್ರೇ, ಬೆಳಗಿನ ಹೊತ್ತು ನಿಮಗೆ ಉಳೀತು. ಸಂತೆ ದಿನದ ಎಕ್ಸ್‌ಟ್ರಾ ಟ್ರಿಪ್ಪು ಅವನಿಗೆ ಬಿಟ್ಟುಕೊಡಿ." ಹಳಬರು ಒಪ್ಪಲಿಲ್ಲ. ಒಂದು ಕಾಫಿ ಆಯಿತು, ಎಲೆ ಅಡಿಕೆ ಆಯಿತು. ಕೊನೆಗೆ ಎಕ್ಸ್‌ಟ್ರಾ ಟ್ರಿಪ್ಪಿನಲ್ಲಿ ಹೋಗುವುದು ಅವರಿಗೆ, ಬರುವುದು ಇವನಿಗೆ ಎಂದು ತೀರ್ಮಾನ. ಮೂರು ಗಂಟೆಗೆ ಜಿಲ್ಲಾಧಿಕಾರಿಗಳು ಹಾಗೇ ಆದೇಶ ಬರೆಸಿದರು. ಸಂಜೆ ಐದರ ಬಸ್ಸು ಶಾಲೆಯ ಮುಂದೆ ನಿಲ್ಲತಕ್ಕದ್ದು ಎಂದು ತಮ್ಮ ಕೈಯಿಂದಲೇ ಒಂದು ಸಾಲು ಸೇರಿಸಿದರು. ಎಷ್ಟೋ ಹುಡುಗಿಯರು ಆ ಒಂದು ಸಾಲಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿದರು.

ಹಾಗೆಂದು ಅದು ಸತ್ಯಯುಗವಾಗಿರಲಿಲ್ಲ. ಆಕ್ಷೇಪಣೆಯ ಹಕ್ಕನ್ನೇ ಕೋಟೆ ಮಾಡಿಕೊಂಡು ಕೂತ ಮಾಲೀಕರಿದ್ದರು. ತಾವು ಬಸ್ಸು ಹಾಕುವುದಿಲ್ಲ, ಹಾಕುವವನನ್ನೂ ಬಿಡುವುದಿಲ್ಲ. ಒಂದು ಪರ್ಮಿಟ್ಟು ಆರ್‌ಟಿಎ ದಾಟಿದರೆ ಬೆಂಗಳೂರಿನ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ ಹೈಕೋರ್ಟು, ಅಲ್ಲೊಂದು ಸ್ಟೇ. ಅಷ್ಟರಲ್ಲಿ ಬಸ್ಸಿಗಾಗಿ ಅರ್ಜಿಗೆ ಹೆಬ್ಬೆಟ್ಟು ಒತ್ತಿದ ಅಜ್ಜಿ ತೀರಿಕೊಂಡಿರುತ್ತಿದ್ದಳು. ಅತ್ತೆಯ ಹೆಸರಿನಲ್ಲಿ, ಕ್ಲೀನರನ ಹೆಸರಿನಲ್ಲಿ ಬೇನಾಮಿ ಅರ್ಜಿಗಳು. ಬಸ್ಸಿಗಿಂತ ಪರ್ಮಿಟ್ಟಿಗೇ ಹೆಚ್ಚು ಬೆಲೆ. ಒಂದೇ ಬಸ್ಸಿನ ಒಳಗೂ ಟಾಪಿನ ಮೇಲೂ ಏಣಿಯಲ್ಲೂ ಜನ. ಬ್ರೇಕ್ ಇನ್ಸ್‌ಪೆಕ್ಟರ್ ಬರುತ್ತಾರೆಂದು ಗೊತ್ತಾದರೆ ಒಂದು ಮೈಲಿ ಹಿಂದೆಯೇ ಇಳಿಸಿ ನಡೆಸುತ್ತಿದ್ದರು.

ಇನ್ನೂ ಒಂದು ಸತ್ಯವಿದೆ. ಈ ಪರ್ಮಿಟ್ಟಿನ ಕಟ್ಟುಪಾಡು ಹುಟ್ಟಿದ್ದು ನಮ್ಮಂಥ ಹಳ್ಳಿಯವರ ಮೇಲಿನ ಪ್ರೀತಿಯಿಂದಲ್ಲ. ಬಸ್ಸುಗಳು ರೈಲಿನ ಆದಾಯ ಕಬಳಿಸುತ್ತಿವೆ ಎಂಬ ಆತಂಕದಲ್ಲಿ ಬ್ರಿಟಿಷ್ ಸರ್ಕಾರ 1932ರಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳಿಂದ ವರದಿ ಮಾಡಿಸಿತು. ಮರುವರ್ಷ ಶಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನ ನಡೆಯಿತು. 1939ರ ಕಾಯ್ದೆಯ ಬೇರು ಅಲ್ಲಿದೆ. ರೈಲನ್ನು ಉಳಿಸಲು ಮಾಡಿದ ಬೇಲಿ ಅದು. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ! ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಓಡುತ್ತಿದ್ದ ಸಣ್ಣ ಹಳಿಯ ಟ್ರಾಮು ನನ್ನ ಪೀಳಿಗೆಯವರಿಗೆ ಹಿರಿಯರು ಹೇಳಿದ ಕತೆ ಮಾತ್ರ. ಇಲ್ಲದ ರೈಲಿನ ಕಾನೂನಿಗೆ ನಮ್ಮ ಬಸ್ಸುಗಳು ತಲೆಬಾಗಿದ್ದವು. ಆದರೂ ಹೇಳುತ್ತೇನೆ, ಯಾವ ಕಾರಣಕ್ಕೇ ಹುಟ್ಟಲಿ, ಆ ಕಾನೂನು ಹೆಡ್‌ಮಾಸ್ತರರಿಗೆ ಎದ್ದು ನಿಲ್ಲಲು ಒಂದು ಬೆಂಚು ಕೊಟ್ಟಿತ್ತು.

ಹಳೆ ಮೈಸೂರಿನ ಬಹುಭಾಗದಲ್ಲಿ ಕತೆ ಬೇರೆಯಾಯಿತು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರ ತನ್ನದೇ ಸಾರಿಗೆ ಇಲಾಖೆ ತೆರೆಯಿತು, 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಒಂದೊಂದೇ ಪ್ರದೇಶದ ರೂಟುಗಳು ರಾಷ್ಟ್ರೀಕರಣವಾದವು. ಆನೇಕಲ್ ಭಾಗದ ಸ್ಕೀಮಿನ ವಿಷಯವನ್ನು ರಾಯರು ಎಷ್ಟು ಸಲ ಹೇಳಿದರೂ ತಣಿಯುತ್ತಿರಲಿಲ್ಲ. ಅಲ್ಲಿನ ಖಾಸಗಿ ಮಾಲೀಕರ ಆಕ್ಷೇಪಣೆಗಳನ್ನು 1959ರಲ್ಲಿ ಸ್ವತಃ ಮುಖ್ಯಮಂತ್ರಿ ಕೂತು ಕೇಳಿದ್ದರು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋಗಿ 1960ರಲ್ಲಿ ಸೋತರು. "ಸೋತರೂ ಮರ್ಯಾದೆಯಿಂದ ಸೋತರು. ಮುಖ್ಯಮಂತ್ರಿ ಎದುರಿಗೆ ನಿಂತು ಮಾತಾಡಿ ಸೋತರು" ಎನ್ನುತ್ತಿದ್ದರು ರಾಯರು. ಮಲೆನಾಡು, ಕರಾವಳಿಗೆ ನಿಗಮದ ಕೆಂಪು ಬಸ್ಸು ಅಷ್ಟಾಗಿ ಬರಲಿಲ್ಲ. ನಮ್ಮ ಕಚೇರಿಗೆ ಕೆಲಸ ಉಳಿದದ್ದೂ ಹಾಗೆಯೇ.

ಬದಲಾದದ್ದು 1989ರ ಜುಲೈ 1ರಿಂದ. 1988ರ ಹೊಸ ಕಾಯ್ದೆ ಜಾರಿಗೆ ಬಂತು. ಪರ್ಮಿಟ್ಟು ಕೇಳಿದವನಿಗೆ ಸಾಮಾನ್ಯವಾಗಿ ಇಲ್ಲವೆನ್ನಬಾರದು ಎಂದಿತು ಅದು. ಹಳೆ ಮಾಲೀಕರ ಅಡ್ಡಗಾಲಿಗೆ ಮದ್ದು ಬೇಕೇ ಇತ್ತು, ಒಪ್ಪುತ್ತೇನೆ. ಆದರೆ ಅಡ್ಡಗಾಲು ಹಾಕುವವನನ್ನು ಹೊರಗೆ ಕಳಿಸುವ ಭರದಲ್ಲಿ ಊರಿನವರ ಬೆಂಚನ್ನೂ ಹೊರಗೆಸೆದರು. ಮೊದಲ ವರ್ಷಗಳಲ್ಲಿ ಸಂಭ್ರಮವೇ ಸಂಭ್ರಮ. ಲಾಭವಿದ್ದ ರಸ್ತೆಗೆ ಬಸ್ಸಿನ ಹಿಂದೆ ಬಸ್ಸು. ಎರಡೆರಡು ನಿಮಿಷಕ್ಕೆ ಟೈಮಿಂಗು, ಸ್ಟ್ಯಾಂಡಿನಲ್ಲಿ ಏಜೆಂಟರ ಹೊಡೆದಾಟ, ಘಾಟಿಯಲ್ಲಿ ರೇಸು. ಒಳಹಳ್ಳಿಗೆ ಮಾತ್ರ ಹೊಸಬ ಯಾರೂ ಅರ್ಜಿ ಹಾಕಲಿಲ್ಲ. ಮೊದಲೆಲ್ಲ ಜಿಲ್ಲಾಧಿಕಾರಿ ಒಳ್ಳೆಯ ರೂಟು ಕೊಡುವಾಗ "ಒಂದು ಟ್ರಿಪ್ಪು ಆ ಹಳ್ಳಿಗೂ ಹೋಗಿ ಬಾ" ಎಂದು ಷರತ್ತು ಕಟ್ಟುತ್ತಿದ್ದರು. ನೂಕುನುಗ್ಗಲಿನಲ್ಲಿ ಲಾಭ ಕರಗಿದ ಮೇಲೆ ಮಾಲೀಕನು ಮೊದಲು ಕೈಬಿಟ್ಟದ್ದು ಆ ಟ್ರಿಪ್ಪನ್ನೇ. ರಾಯರು ಅದೇ ಕಾಲಕ್ಕೆ ನಿವೃತ್ತರಾದರು. ಕೊನೆಕೊನೆಗೆ ಟೈಮ್‌ಶೀಟ್ ಬರೆಸಲು ಬರುವವರು, ರಸ್ತೆ ನೋಡುವುದು ಬೇಡ, ಯಾವುದಾದರೂ ಹಳೆಯದನ್ನು ನೋಡಿ ಬರೆದುಕೊಡಿ ಎನ್ನುತ್ತಿದ್ದರು. ರಾಯರು ಬರೆಯಲಿಲ್ಲ.

ಆ ಕೆಟ್ಟ ಕಾಲದಲ್ಲೂ ಕೊಪ್ಪದಲ್ಲೊಂದು ಒಳ್ಳೆಯದಾಯಿತು. 1991ರಲ್ಲಿ ಶಂಕರ್ ಎಂಬ ಬಸ್ ಕಂಪನಿಯ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಮಾಲೀಕರು. ಒಳರಸ್ತೆಗಳ ಬಗ್ಗೆ ಅವರಿಗೆ ಮಮತೆಯಿತ್ತು, ಏಕೆಂದರೆ ಅವರ ಮನೆಗಳೂ ಆ ರಸ್ತೆಗಳಲ್ಲೇ ಇದ್ದವು. ಸುಮಾರು ಮೂರು ದಶಕ ಓಡಿಸಿ, ನಷ್ಟ ತಾಳಲಾರದೆ 2020ರ ಆರಂಭದಲ್ಲಿ ನಿಲ್ಲಿಸಿದರು. ನಾಡಿಗೆ ಮಾದರಿಯೆಂದು ಹೊಗಳಿಸಿಕೊಂಡ ಸಂಸ್ಥೆ ಮುಳುಗುವಾಗ ಅದನ್ನು ಎತ್ತಿ ಹಿಡಿಯುವ ನೀತಿಯೊಂದು ನಮ್ಮ ಸರ್ಕಾರಗಳ ಬಳಿ ಇರಲಿಲ್ಲ. ಇದು ನನಗೆ ಇಂದಿಗೂ ಸಂಕಟ.

ಕೇಳುವ ಜಾಗ ಇಲ್ಲವಾಗುವುದು ರೈಲಿನ ಕಡೆಗೂ ಹೀಗೇ ಆಯಿತು. ಫೆಬ್ರವರಿಯಲ್ಲಿ ರೈಲ್ವೆ ಬಜೆಟ್ಟಿನ ದಿನ ನಮ್ಮ ಕಚೇರಿಯಲ್ಲಿ ರೇಡಿಯೋ ಸುತ್ತ ಕೂರುತ್ತಿದ್ದೆವು, ಕಡೂರು–ಚಿಕ್ಕಮಗಳೂರು ಎಂಬ ಹೆಸರು ಬರುತ್ತದೋ ಎಂದು. ಬಾರದ ವರ್ಷ ಸಂಸದರನ್ನು ಬಯ್ಯಲು ಒಂದು ದಿನವಾದರೂ ಇತ್ತು. 1924ರಿಂದ ಬೇರೆಯಾಗಿ ಮಂಡನೆಯಾಗುತ್ತಿದ್ದ ರೈಲ್ವೆ ಬಜೆಟ್ಟು 2017ರಲ್ಲಿ ಸಾಮಾನ್ಯ ಬಜೆಟ್ಟಿನೊಳಗೆ ಸೇರಿಹೋಯಿತು. ಈಗ ನಮ್ಮ ಹಳಿಯ ಮಾತು ಯಾವ ಪುಟದಲ್ಲಿ ಬಂತೆಂದು ಹುಡುಕಿದವನಿಗೆ ಮಾತ್ರ ಗೊತ್ತು.

2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ನಿಗಮದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಶಕ್ತಿ ಯೋಜನೆ ಒಳ್ಳೆಯದು, ಮನಸಾರೆ ಹೇಳುತ್ತೇನೆ. ಆದರೆ ಕೆಂಪು ಬಸ್ಸು ಒಮ್ಮೆಯೂ ಇಣುಕದ ಊರಿನ ಕೂಲಿ ಹೆಂಗಸು ದುಡ್ಡು ಕೊಟ್ಟು ಆಟೋದಲ್ಲಿ ಹೋಗುತ್ತಾಳೆ. ಅತ್ತ ಪೇಟೆಯ ರಸ್ತೆಯಲ್ಲಿ ಪ್ಯಾಸೆಂಜರು ಕಳೆದುಕೊಂಡ ಖಾಸಗಿಯವನು ಇತ್ತ ಅವಳ ಊರಿನ ಟ್ರಿಪ್ಪನ್ನೂ ನಿಲ್ಲಿಸುತ್ತಾನೆ. ಅವಳನ್ನು ಕರೆದು ಕೇಳಿದ ಒಂದು ಸಭೆಯನ್ನೂ ನಾನು ಕಾಣೆ.

ಮೊಮ್ಮಗಳಿಗೆ ಹೇಳಿದ್ದನ್ನೇ ಓದುಗರಿಗೂ ಹೇಳುತ್ತೇನೆ. ಆರ್‌ಟಿಎ ಸತ್ತಿಲ್ಲ, ಈಗಲೂ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಪರ್ಮಿಟ್ಟಿನ ಷರತ್ತು ಮುರಿದು ಟ್ರಿಪ್ಪು ಬಿಟ್ಟವನ ಪರ್ಮಿಟ್ಟನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಹೊಸ ಕಾಯ್ದೆಯಲ್ಲೂ ಇದೆ. ಬಸ್ಸು ನಿಂತ ಊರಿನವರು ಗ್ರಾಮಸಭೆಯಲ್ಲಿ ಠರಾವು ಮಾಡಿ, ಬಸ್ಸಿನ ನಂಬರು, ರೂಟು, ಬಿಟ್ಟ ಟ್ರಿಪ್ಪಿನ ಹೊತ್ತು ಬರೆದು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮುಂದಿನ ಆರ್‌ಟಿಎ ಸಭೆ ಯಾವಾಗ ಎಂದು ಬರಹದಲ್ಲಿ ಕೇಳಿ, ಆ ದಿನ ಹೋಗಿ ಕೂರಿ. ನಮ್ಮೂರಿನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೇನೆ. ಬೇರೆ ಊರಿನವರು ಬಂದರೂ ಬರೆದುಕೊಡುತ್ತೇನೆ.